ತೊಳೆದ ಕಾಲಿನ ಗುರುವಾರ

ನಮ್ಮ ಭಾವನವರ ದೀನತೆಯನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಇವತ್ತಿಗೂ ಅಷ್ಟೇ. ನನ್ನ ಗಂಡನ ಅಣ್ಣ ಅವರು. ಬೀರೂರಿನಾಚೆ ತೆಂಗಿನ ತೋಟದಲ್ಲಿ ಮನೆ. ಪ್ರಾರ್ಥನಾ ಕೂಟದಲ್ಲಿ ಕೈಜೋಡಿಸಿ, ಕತ್ತು ಓರೆ ಮಾಡಿ, "ನಾನು ಬರೀ ಧೂಳು ಕಣ್ರೀ" ಅನ್ನುತ್ತಾರೆ. ಕುರ್ಚಿ ಮಾತ್ರ ಮುಂದಿನ ಸಾಲಿನದೇ ಆಗಬೇಕು.

ಅತ್ತೆ ಜಾರಿ ಬಿದ್ದು ಸೊಂಟ ಮುರಿದುಕೊಂಡು, ಬೀರೂರು ಸ್ಟೇಷನ್ ಹತ್ತಿರದ ನಮ್ಮ ಮನೆಯಲ್ಲೇ ಹಾಸಿಗೆ ಹಿಡಿದಿದ್ದರು. ಕಣ್ಣು ಪೂರ್ತಿ ಮಂಜು, ಕಿವಿಯೂ ಅರ್ಧ. ಈಸ್ಟರಿಗೆ ಮುಂಚಿನ ನಲವತ್ತು ದಿನದ ತಪಸ್ಸುಕಾಲ ಶುರುವಾದಾಗಿನಿಂದ ಒಂದೇ ಹಲುಬು: "ದೊಡ್ಡೋನು ಒಂದ್ಸಲ ಬಂದು ಪಕ್ಕದಲ್ಲಿ ಕೂತ್ಕೊಂಡ್ರೆ ಸಾಕು." ಫೋನು ಮಾಡಿ ಕರೆದದ್ದಕ್ಕೆ ಭಾವ ನನಗೇ ಬುದ್ಧಿ ಹೇಳಿದ್ದರು. "ಹಂಗೆಲ್ಲ ಆಜ್ಞೆ ಮಾಡ್ಬಾರ್ದು ಕಣಮ್ಮಾ. ತಗ್ಗಿ ನಡೀಬೇಕು."

ಪವಿತ್ರ ಗುರುವಾರ ಸಂಜೆ ಕಡೂರಿನ ಚರ್ಚಿನಲ್ಲಿ ಫಾದರ್ ಹನ್ನೆರಡು ಜನರ ಕಾಲು ತೊಳೆಯುತ್ತಾರೆ, ಯೇಸು ಶಿಷ್ಯರ ಕಾಲು ತೊಳೆದ ನೆನಪಿಗೆ. ಹೋದ ವರ್ಷದ ಆ ಗುರುವಾರ ಮಧ್ಯಾಹ್ನ ಭಾವನ ಬೈಕು ನಮ್ಮ ಬಾಗಿಲಲ್ಲಿ ನಿಂತಿತು. ಅಬ್ಬಾ, ಕೊನೆಗೂ ಬಂದರಲ್ಲ! ಓಡಿಹೋಗಿ ಅತ್ತೆಯ ಕಿವಿಯಲ್ಲಿ ಕೂಗಿದೆ: "ಅತ್ತೇ, ದೊಡ್ಡ ಮಗ ಬಂದವ್ರೆ!" ಮಲಗಿದಲ್ಲೇ ಸೆರಗು ಸರಿಮಾಡಿಕೊಂಡರು.

ಭಾವ ಒಳಗೆ ಬರಲಿಲ್ಲ. ಸೀದಾ ಹಿತ್ತಲಿಗೆ ಹೋದರು.

"ಒಂಚೂರು ಬಿಸಿನೀರು ಕೊಡಮ್ಮ. ಈ ಸಲ ಹನ್ನೆರಡು ಜನದಲ್ಲಿ ನಾನೂ ಇದೀನಿ. ದಾರೀಲಿ ಕಾಲೆಲ್ಲ ಧೂಳಾಗೋಯ್ತು."

ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತು, ಸೋಪು ಹಚ್ಚಿ, ಹೆಂಚಿನ ಚೂರಿನಿಂದ ಹಿಮ್ಮಡಿ ತಿಕ್ಕತೊಡಗಿದರು.

"ತೊಳೆಸ್ಕೊಳ್ಳೋಕೆ ಹೋಗೋ ಕಾಲನ್ನ ಯಾಕೆ ಭಾವ ತೊಳೀತೀರಾ?"

"ಫಾದರ್ ಕೈಗೆ ಕೊಳಕು ಕಾಲು ಕೊಡೋಕಾಗುತ್ತಾ? ಎಲ್ಲಾರೂ ತೊಳ್ಕೊಂಡೇ ಬರೋದು."

ಅದೂ ನಿಜವೇ. ನಮ್ಮವರೆಲ್ಲ ಮನೆಯಲ್ಲೇ ತಿಕ್ಕಿ ತೊಳೆದು, ಉಗುರು ಕತ್ತರಿಸಿಕೊಂಡು ಹೋಗಿ ದೀನತೆಗೆ ಕೂರುತ್ತಾರೆ.

"ಒಳಗೆ ಅಮ್ಮ ಕಾಯ್ತಾವ್ರೆ."

"ಈಗ ಬೇಡಮ್ಮ. ಆ ರೂಮಿನ ನೆಲ ಹೆಂಗಿರುತ್ತೋ ಏನೋ. ತೊಳ್ದಿರೋ ಕಾಲು. ಹಬ್ಬ ಮುಗೀಲಿ, ಬತ್ತೀನಿ."

ಆ ನೆಲವನ್ನು ದಿನಾ ಒರೆಸುವವಳು ನಾನು! ತಲೆಗೆ ಸಿಟ್ಟು ಏರಿತು. ಮೂಲೆಯಲ್ಲಿದ್ದ ಮುಸುರೆ ನೀರಿನ ಬಕೆಟ್ಟು ಎತ್ತಿ, ಅನ್ನದ ಅಗುಳಿನ ಸಮೇತ ಆ ಕಾಲುಗಳ ಮೇಲೆ ಸುರಿದುಬಿಟ್ಟೆ.

"ತಗೊಳ್ಳಿ, ಕೊಳೆ ಆಯ್ತು. ಈಗ ಒಳಗೆ ಬನ್ನಿ."

"ಥೂ! ಏನು ಸೊಕ್ಕೇ ನಿಂಗೆ!" ಅನ್ನುತ್ತಾ ಹಾಗೇ ಬೈಕು ಹತ್ತಿ ಹೋದರು. ಆವತ್ತು ಫಾದರ್‌ಗೆ ತೊಳೆಯಲು ನಿಜವಾದ ಕೊಳೆ ಸಿಕ್ಕಿರಬೇಕು.

ಬಿಸಿನೀರು ಇನ್ನೂ ಉಳಿದಿತ್ತು. ಅದನ್ನೇ ಒಳಗೆ ಒಯ್ದು, ಬಟ್ಟೆ ಅದ್ದಿ, ಅತ್ತೆಯ ಕಾಲು ಉಜ್ಜತೊಡಗಿದೆ. ಪ್ರೀತಿಯೂ ಇಲ್ಲ, ಮಣ್ಣೂ ಇಲ್ಲ. ಏನನ್ನಾದರೂ ಉಜ್ಜದಿದ್ದರೆ ಕಿರುಚಿಬಿಡುತ್ತಿದ್ದೆ, ಅಷ್ಟೇ. ಅತ್ತೆಯ ಮುಖ ಅರಳಿತು.

"ಬಂದ್ಯೇನೋ ಮಗಾ? ಮೆತ್ತಗೆ ಉಜ್ಜೋ."

ಅವರು ಬಂದಿಲ್ಲ, ಬರುವುದೂ ಇಲ್ಲ, ದಿನಾ ಈ ಕಾಲು ತೊಳೆಯುವವಳು ನಾನು ಎಂಬ ಮಾತು ಗಂಟಲವರೆಗೂ ಬಂತು. ಅತ್ತೆ ಕೈಯನ್ನು ಮೇಲೆತ್ತಿದರು.

"ಬಗ್ಗೋ, ಹಣೆಗೆ ಶಿಲುಬೆ ಗುರುತು ಹಾಕ್ತೀನಿ."

ಅವರ ಕೈಗೆ ಸಿಗದಂತೆ ಜಡೆಯನ್ನು ಬೆನ್ನ ಹಿಂದೆ ಎಸೆದು, ಬಾಯಿ ಮುಚ್ಚಿಕೊಂಡು ಬಗ್ಗಿದೆ.