ಕೊಕ್ಕೆಯಮ್ಮನ ಬೆನ್ನ ಹಿಂದೆ ಇದ್ದವರು

ಕೊಕ್ಕೆ ಕಚ್ಚಿಕೊಂಡಿದೆ. ಎರಡು ಸಲ ಜಗ್ಗಿದರೂ ಜಪ್ಪಯ್ಯ ಅನ್ನುವುದಿಲ್ಲ. ಮೂರನೆಯ ಸಲ ಹಿಮ್ಮಡಿಯನ್ನು ಕೆಸರಿಗೆ ಊರಿ ಮೈಭಾರವೆಲ್ಲ ಹಿಂದಕ್ಕೆ ಬಿಟ್ಟಾಗ, ಕೆರೆ ಮುಚ್ಚಿದ ಅಂತರಗಂಗೆ ಕಳೆ ಚಾಪೆಯಗಲ ಬೇರುಸಮೇತ ಕಿತ್ತುಬರುತ್ತದೆ. ತೊಡೆಮಟ್ಟದ ನೀರಿನಲ್ಲಿ ನಿಂತ ಹೆಂಗಸು ಅದನ್ನು ಬಾಚಿ ಎತ್ತಿ ದಂಡೆಗೆ ಎಸೆಯುತ್ತಾರೆ. ಆಕಾಶ ಈಗಷ್ಟೇ ಬೂದುಬಣ್ಣಕ್ಕೆ ತಿರುಗಿದೆ.

ದಂಡೆಯ ಮೇಲೆ ಕ್ಯಾಮೆರಾದವರು ಒಬ್ಬೊಬ್ಬರೇ ಬಂದು ಸೇರುತ್ತಿದ್ದಾರೆ. ಹವ್ಯಾಸಿ ಛಾಯಾಗ್ರಾಹಕರ ಸಂಘ ವರ್ಷಕ್ಕೊಮ್ಮೆ ನಡೆಸುವ ಸ್ನೇಹಸ್ಪರ್ಧೆ ಹತ್ತಿರ ಬಂದಿದೆ. ಬಟ್ಟೆ ಅಂಗಡಿಯವರು, ಗುಮಾಸ್ತರು, ಹಲ್ಲಿನ ಡಾಕ್ಟರು, ಎಲ್ಲರಿಗೂ ಭಾನುವಾರವೇ ಬಿಡುವು. ಹಿರಿಯರೊಬ್ಬರು ಹೊಸಬರಿಗೆ ಪಾಠ ಹೇಳುತ್ತಿದ್ದಾರೆ: ಬಿಸಿಲು ಏರುವ ಮುಂಚೆ ಬನ್ನಿ. ನಿಂತು ತೆಗೆಯಬೇಡಿ, ಮಂಡಿಯೂರಿ. ನೀರಿನ ಗೆರೆ ಓರೆಯಾಗದಂತೆ ನೋಡಿಕೊಳ್ಳಿ. ಚಿತ್ರಕ್ಕೆ ಬೇಡದ್ದು ಏನೇ ಇರಲಿ, ಮುಲಾಜಿಲ್ಲದೆ ಕತ್ತರಿಸಿ.

"ಅಮ್ಮಾ, ಇನ್ನೊಂದ್ಸಲ ಎಸೀರಿ. ಹನಿ ಚೆನ್ನಾಗಿ ಹಾರ್ಬೇಕು," ಅನ್ನುತ್ತಾರೆ ಯಾರೋ.

"ಕಳೆ ನನ್ಗಿಂತ ತೂಕ ಇದೆ ಸಾರ್. ನೀವೇ ಇಳಿದು ಎಸೀರಿ, ನಾನು ಫೋಟೊ ಹೊಡೀತೀನಿ."

ದಂಡೆಯಲ್ಲಿ ನಗು. ಆದರೆ ಆಕೆ ಎಸೆಯುವುದಿಲ್ಲ. ಕ್ಯಾಮೆರಾಕ್ಕೆಂದು ಎಸೆಯುವುದನ್ನು ಬಿಟ್ಟು ವರ್ಷವಾಗುತ್ತಾ ಬಂತು. ಕೆರೆಗೆ ಬೆನ್ನು ಹಾಕಿ ನಿಲ್ಲುವುದನ್ನೂ ಬಿಟ್ಟಿದ್ದಾರೆ. ಅಡ್ಡಡ್ಡ ನಿಂತು ಎಳೆದರೆ ಸೊಂಟ ಹಿಡಿದುಕೊಳ್ಳುತ್ತದೆ. ಹಿಡಿದುಕೊಳ್ಳಲಿ ಬಿಡಿ, ಅನ್ನುತ್ತಾರೆ.

ಕ್ಯಾಮೆರಾದವರು ಇಟ್ಟ ಹೆಸರು ಕೊಕ್ಕೆಯಮ್ಮ. ಈ ಕೆರೆಯ ಕಳೆ ಕೀಳುವ ಎಂಟು ಜನರಲ್ಲಿ ಈಗ ಹೆಂಗಸೆಂದರೆ ಇವರೊಬ್ಬರೇ. ಬೆಳಗಿನಿಂದ ಮಧ್ಯಾಹ್ನದವರೆಗೆ ಎರಡು ಟ್ರ್ಯಾಕ್ಟರ್ ತುಂಬಬೇಕು. ಬೆರಳುಸಂದಿಗಳು ಬಿರಿದು ಬೆಳ್ಳಗಾಗಿವೆ, ಮೊಣಕಾಲಿನ ಕೆಳಗೆ ತುರಿಕೆಯ ಕಲೆಗಳು, ಅಂಗಾಲಲ್ಲಿ ಬಾಟಲಿ ಚೂರು ಹೊಕ್ಕ ಗುರುತು. "ಈ ಕಡೆ ಮುಗಿಸೋಷ್ಟರಲ್ಲಿ ಆ ಕಡೆ ಹಸಿರಾಗಿರುತ್ತೆ. ನಮ್ಮನ್ನ ಕೆಲಸದಿಂದ ತೆಗೀಬಾರ್ದು ಅಂತ ಕಳೆಗೇ ಕನಿಕರ," ಎಂದು ನಗುತ್ತಾರೆ.

ಭಾನುವಾರದ ಕೆಲಸಕ್ಕೆ ಹಾಜರಿ ಇಲ್ಲ. ಕಾಗದದ ಪ್ರಕಾರ ಅಂದು ಕೆರೆಯಲ್ಲಿ ಯಾರೂ ಇಳಿಯುವುದಿಲ್ಲ. ಕೊಕ್ಕೆಯಮ್ಮನ ಗಂಡ ಸತ್ತದ್ದು ಅಂಥ ಒಂದು ಭಾನುವಾರ.

ಅವರದು ಇನ್ನೂ ಆಳದ ಕೆಲಸ. ಸೊಂಟಕ್ಕೆ ಹಗ್ಗ ಬಿಗಿದುಕೊಂಡು ಒಳಗೆ ಹೋಗಿ, ಅದರ ಇನ್ನೊಂದು ತುದಿಯನ್ನು ಕಳೆಯ ದಿಬ್ಬಕ್ಕೆ ಸುತ್ತಿ ದಂಡೆಗೆ ಎಳೆದು ತರಬೇಕು. ಅಂದು ಬೆಳಗ್ಗೆ ಹಲ್ಲಿನ ಡಾಕ್ಟರು ಕ್ಯಾಮೆರಾ ಹಿಡಿದು, ಅಮ್ಮಾ ಇನ್ನೊಂದು, ಅಮ್ಮಾ ಇನ್ನೊಂದು ಎಂದು ಎಸೆಸುತ್ತಿದ್ದರು. ಕೊಕ್ಕೆಯಮ್ಮ ದಂಡೆಗೆ ಮುಖ ಮಾಡಿ ನಗುತ್ತಾ ಎಸೆಯುತ್ತಿದ್ದರು. ಡಾಕ್ಟರು ಹೊರಟುಹೋದ ಸ್ವಲ್ಪ ಹೊತ್ತಿಗೆ ತಿರುಗಿ ನೋಡಿದರೆ ಹಿಂದೆ ಕಳೆ ಇತ್ತು, ಗಂಡ ಇರಲಿಲ್ಲ.

ಹೆಣವನ್ನು ಮೇಲಕ್ಕೆ ತಂದವರು ಹಗ್ಗ ಬಿಚ್ಚಿ ಎತ್ತಿಟ್ಟರು. ರಜೆಯ ದಿನ ಕುಡಿದು ಈಜಲು ಇಳಿದಿದ್ದ ಎಂದು ಕೆಲಸ ಮಾಡಿಸುವ ಮೇಸ್ತ್ರಿ ಪೊಲೀಸರಲ್ಲಿ ಬರೆಸಿದ. ಜೊತೆಯವರು ತುಟಿ ಬಿಚ್ಚಲಿಲ್ಲ. ಹೆಂಡತಿ ಹೇಳಿದ್ದನ್ನು, ಹೆಂಡತಿ ಇನ್ನೇನು ಹೇಳಿಯಾಳು ಎಂದು ಪೊಲೀಸರು ಬದಿಗಿಟ್ಟರು.

"ಒಂದು ತೊಟ್ಟು ಮುಟ್ಟಿದವರಲ್ಲ. ಈಜೋಕೆ ಹೋಗೋರು ಸೊಂಟಕ್ಕೆ ಹಗ್ಗ ಬಿಗ್ಕೊಂಡು ಹೋಗ್ತಾರಾ?"

ಆ ವರ್ಷದ ಮೊದಲ ಬಹುಮಾನ ಡಾಕ್ಟರು ಅಂದು ತೆಗೆದ ಚಿತ್ರಕ್ಕೇ ಬಂತು. ಹಾರುವ ಕಳೆ, ಹೊಳೆಯುವ ಹನಿ, ನಗುವ ಹೆಂಗಸು. ಅವರು ಒಂದು ಪ್ರತಿಯನ್ನು ದಂಡೆಗೇ ತಂದುಕೊಟ್ಟಾಗ ಆಕೆ ತಮ್ಮ ಮುಖ ನೋಡಲಿಲ್ಲ, ಭುಜದ ಹಿಂದೆ ಹುಡುಕಿದರು.

"ಇಲ್ಲಿ ಇನ್ನೊಬ್ರು ಇರ್ಬೇಕಲ್ಲ ಸಾರ್?"

"ಹೂಂ, ಯಾರೋ ಹಗ್ಗ ಕಟ್ಕೊಂಡು ನಿಂತಿದ್ರು. ಚಿತ್ರಕ್ಕೆ ಅಡ್ಡ ಅನ್ನಿಸ್ತು, ಅಂಚು ಕತ್ತರಿಸ್ದೆ." ಹೇಳಿ ಮುಗಿಸುವುದರೊಳಗೆ ಡಾಕ್ಟರ ಮುಖ ಬಿಳಿಚಿಕೊಂಡಿತ್ತು.

ಅವರ ಬಳಿ ಪೂರ್ತಿ ಚಿತ್ರ ಉಳಿದಿರಲಿಲ್ಲ. ಉಳಿದಿರುವುದು ಸಂಘದಲ್ಲಿ. ಕೈಚಳಕ ಮಾಡಿಲ್ಲವೆಂದು ತೋರಿಸಲು ಸ್ಪರ್ಧಿಗಳು ಕತ್ತರಿಸದ ಮೂಲಚಿತ್ರವನ್ನೂ, ತೆಗೆದ ದಿನ ಹೊತ್ತಿನ ಸಮೇತ, ಅಲ್ಲಿಗೆ ಕೊಡಬೇಕು. ಪುರಾವೆಗೆಂದು ಅದನ್ನು ಪಡೆಯಲು ಚಿತ್ರದಲ್ಲಿರುವವರ ಮನೆಯವರೇ ಬರೆದು ಕೇಳಬೇಕಂತೆ.

ಕೊಕ್ಕೆಯಮ್ಮ ಅಂದೇ ಬರೆದರು. ಕಳುಹಿಸಲಿಲ್ಲ. ಸುಳಿವು ಸಿಕ್ಕ ಮೇಸ್ತ್ರಿ, ಕಾಗದ ಬರೆಯುವವರಿಗೆ ಇಲ್ಲಿ ಕೆಲಸವಿಲ್ಲ ಎಂದ. ಅತ್ತೆಯೂ ತಡೆದರು. "ಹೋದವನು ಹೋದ. ಇರೋ ಅನ್ನಕ್ಕೆ ಕಲ್ಲು ಹಾಕ್ಕೋಬೇಡ ಕಣೇ," ಎಂದು ಕಾಗದ ಕಿತ್ತುಕೊಂಡು ತಮ್ಮ ದಿಂಬಿನ ಕೆಳಗಿಟ್ಟರು. ಕುಡುಕನ ತಾಯಿ ಎಂದು ನಲ್ಲಿಯ ಹತ್ತಿರ ಆಡಿಕೊಂಡಾಗಲೂ ಆ ಮುದುಕಿ ತಲೆ ತಗ್ಗಿಸಿ ಕೊಡ ತುಂಬಿಕೊಂಡು ಬಂದವರೇ.

ಈ ಭಾನುವಾರ ಹಲ್ಲಿನ ಡಾಕ್ಟರು ಕ್ಯಾಮೆರಾವನ್ನು ಹೆಗಲಿನಿಂದ ಇಳಿಸದೆ ನೀರಿನಂಚಿಗೆ ಬರುತ್ತಾರೆ. "ಅಮ್ಮಾ, ಹೊಸ ಸ್ಪರ್ಧೆ ಮುಗಿದ್ಮೇಲೆ ಹಳೇ ಚಿತ್ರಗಳನ್ನೆಲ್ಲ ಅಳಿಸ್ತಾರಂತೆ. ಬರೆಯೋದಿದ್ರೆ ಈಗ್ಲೇ."

ಮಧ್ಯಾಹ್ನ ಮನೆಗೆ ಬಂದು, ಒಂದೇ ಕೋಣೆಯ ಆ ಮನೆಯ ಹೊಸ್ತಿಲಲ್ಲಿ ಕಾಲು ತೊಳೆಯುತ್ತಾ ಕೊಕ್ಕೆಯಮ್ಮ ಸುದ್ದಿ ಹೇಳುತ್ತಾರೆ. ಗೋಡೆಗೆ ಒರಗಿದ್ದ ಅತ್ತೆ ಮುಂದಕ್ಕೆ ಬಾಗುತ್ತಾರೆ.

"ಅಳಿಸೋದು ಅಂದ್ರೆ?"

"ಇಲ್ಲದ ಹಾಗೆ ಮಾಡೋದು, ಅತ್ತೆ."

"ಎರಡು ಸಲ ಮುಳುಗಿಸ್ತಾರಾ ನನ್ನ ಮಗನ್ನ?"

ಎದ್ದು ಹೋಗಿ ದಿಂಬು ಮಗುಚುತ್ತಾರೆ. ಕಾಗದ ತಲೆಯ ಭಾರಕ್ಕೆ ಇಸ್ತ್ರಿ ಹಾಕಿದಂತೆ ಚಪ್ಪಟೆಯಾಗಿದೆ. "ಓದು. ಏನು ಬರೆದಿದ್ದೀಯ ನೋಡೋಣ."

ಸೊಸೆ ಓದುತ್ತಾರೆ. ಮುಗಿದ ಮೇಲೆ ಅತ್ತೆ ಒಂದು ಮಾತು ಸೇರಿಸಲು ಹೇಳುತ್ತಾರೆ: ಚಿತ್ರ ಅಂಚುಸಮೇತ ಕಳಿಸಿ, ಅಂಚಲ್ಲಿ ನಮ್ಮವನಿದ್ದಾನೆ.

ಸೋಮವಾರ ಬೆಳಗ್ಗೆ ಇಬ್ಬರೂ ಬಸ್ ನಿಲ್ದಾಣದ ಪಕ್ಕದ ಅಂಚೆಡಬ್ಬಿಯ ಮುಂದೆ ನಿಂತಿದ್ದಾರೆ. ಸೊಸೆಯ ಹೆಗಲ ಮೇಲೆ ಕೊಕ್ಕೆ. ಕಾಗದ ಬಾಯೊಳಗೆ ಜಾರುತ್ತದೆ.

"ಬಿತ್ತಾ?"

"ಬಿತ್ತು, ಅತ್ತೆ."

"ಸದ್ದೇ ಕೇಳಿಸ್ಲಿಲ್ಲವಲ್ಲ." ಮುದುಕಿ ಡಬ್ಬಿಗೆ ಕಿವಿ ಹಚ್ಚಿ, ಬೆರಳಿನಿಂದ ಒಮ್ಮೆ ತಟ್ಟಿ, ಸಮಾಧಾನವಾದಂತೆ ಮನೆಯ ಕಡೆ ತಿರುಗುತ್ತಾರೆ.

ಇವತ್ತು ಮೇಸ್ತ್ರಿ ಕೆರೆಗೆ ಇಳಿಸದಿದ್ದರೆ? ಕೊಕ್ಕೆಯಮ್ಮ ಹೆಗಲು ಬದಲಿಸುತ್ತಾರೆ.

"ಇನ್ನೊಂದು ಕೆರೆ ಹುಡುಕ್ತೀನಿ. ಕೊಕ್ಕೆ ನಂದೇ. ಹಿಡಿ ಕೆತ್ತಿದ್ದು ಅವ್ರು."