ಅವಳಿಗೆ ಕೊಟ್ಟದ್ದೆಲ್ಲ ನನಗೂ ಕೊಡು ಎಂದೆ

ಕಳೆದ ವರ್ಷ ನಾನೂ ನನ್ನ ಮೈದುನನ ಹೆಂಡತಿ ಸುಮಳೂ ಒಟ್ಟಿಗೇ ಬಸುರಾದೆವು. ವಡೋದರಾದ ಮಂಜಲ್‌ಪುರದಲ್ಲಿ ನಮ್ಮದು ಒಂದೇ ಮನೆ, ಒಂದೇ ಉಡುಪಿ ಹೋಟೆಲು. ನನ್ನ ಮೊದಲ ಮಗು ಏಳನೇ ತಿಂಗಳಿಗೇ ಹೋಗಿತ್ತು. ಈ ಸಲದ್ದು ಉಳಿದರೆ ಸಾಕು ತಾಯೇ ಎಂದು ದುರ್ಗಮ್ಮನ ಪಟದ ಮುಂದೆ ಕೂರುತ್ತಿದ್ದೆ. ಆದರೆ ಅಷ್ಟೇ ಸಾಕು ಎನ್ನಲು ಸುಮ ಬಿಡಬೇಕಲ್ಲ!

ಅತ್ತೆ ಊರಿನಿಂದ ಬಂದು ಅವಳಿಗೆ ಬಯಕೆ ಶಾಸ್ತ್ರ ಮಾಡಿದರು. ಹಸಿರು ಸೀರೆ, ಕೈತುಂಬ ಬಳೆ, ತಲೆತುಂಬ ಮಲ್ಲಿಗೆ. ನನಗೆ?

"ನಿಂಗೆ ಹೋದ ಸಲ ಮಾಡಿ ಎಂತ ಆಯ್ತು? ಹೆತ್ತ ಮೇಲೆ ನೋಡುವ," ಎಂದರು.

ಅವಳು ಕೂತು ತಿಂದ ಹೋಳಿಗೆ ತಟ್ಟಿದವಳು ನಾನು. ಸೂರತ್‌ನಲ್ಲಿ ದೊಡ್ಡ ಹೋಟೆಲಿರುವ ಅವಳ ಅಪ್ಪ ನರ್ಸಿಂಗ್ ಹೋಮಿನಲ್ಲಿ ಎಸಿ ಕೋಣೆ ಗೊತ್ತುಮಾಡಿದರು. ನನಗೆ ಸರಕಾರಿ ಆಸ್ಪತ್ರೆ. ಹೊಟ್ಟೆ ಧಗಧಗ ಉರಿಯಿತು.

ಅಂದು ಪಟದ ಮುಂದೆ ಕೂತು ದುರ್ಗಮ್ಮನ ಹತ್ತಿರ ಜಗಳವೇ ಆಡಿದೆ. "ಅವಳಿಗೆ ಕೊಟ್ಟದ್ದೆಲ್ಲ ನನಗೂ ಕೊಡು. ಕೊಟ್ಟರೆ ಊರಿಗೆ ಬಂದು ನಿನ್ನ ಗುಡಿಯಲ್ಲಿ ಹೂವಿನ ಪೂಜೆ ಮಾಡಿಸುತ್ತೇನೆ. ಒಂದು ಮೊಗ್ಗು ಕಡಿಮೆಯಾದರೂ ನಿನಗೆ ದೀಪ ಹಚ್ಚುವುದಿಲ್ಲ!"

ತಿಂಗಳು ತುಂಬುವ ಮೊದಲೇ ಒಂದು ಬೆಳಿಗ್ಗೆ ಇಡ್ಲಿ ಹಿಟ್ಟಿನ ಪಾತ್ರೆ ಎತ್ತುವಾಗ ಕಣ್ಣು ಕತ್ತಲೆ ಬಂತು. ಕಾಲು ಊದಿತ್ತು. ಆಂಬುಲೆನ್ಸ್ ಬಂತು. ಬೀಪಿ ವಿಪರೀತ ಏರಿದೆ, ಈಗಲೇ ಆಪರೇಷನ್ ಆಗಬೇಕು ಎಂದರು ಡಾಕ್ಟರು. ಸ್ಟ್ರೆಚರಿನ ಮೇಲೆ ನನಗೆ ಸೀರೆಯೂ ನೆನಪಾಗಲಿಲ್ಲ, ಮಲ್ಲಿಗೆಯೂ ನೆನಪಾಗಲಿಲ್ಲ. ಮಗು ಅಳಲಿ, ಅಳುವುದೊಂದು ಕೇಳಲಿ ಅಮ್ಮಾ ಎಂದೆ.

ಅತ್ತಿತು. ಹೆಣ್ಣು. ಆಪರೇಷನ್ನಿಗಾಗಲಿ ಮದ್ದಿಗಾಗಲಿ ರಕ್ತಕ್ಕಾಗಲಿ ಯಾರೂ ನಮ್ಮ ಹತ್ತಿರ ಹಣ ಕೇಳಲಿಲ್ಲ. ಬಿಸಿ ಖಿಚಡಿಯೂ ಮಂಚಕ್ಕೇ ಬಂತು.

ಎರಡು ದಿನ ಕಳೆದು ಗಾಲಿಕುರ್ಚಿಯಲ್ಲಿ ಯಾರು ಬಂದದ್ದು ಗೊತ್ತೇ? ಸುಮ! ಹಿಂದಿನ ದಿನವಷ್ಟೇ ಹುಟ್ಟಿದ ಅವಳ ಗಂಡುಮಗುವಿಗೆ ಉಸಿರಾಟ ಸರಿಯಿರಲಿಲ್ಲ. ಎಳೆಮಗುವಿಗೆ ಬೇಕಾದ ಯಂತ್ರ ನರ್ಸಿಂಗ್ ಹೋಮಿನಲ್ಲಿ ಇಲ್ಲವೆಂದು ಇಬ್ಬರನ್ನೂ ಇಲ್ಲಿಗೆ ಕಳಿಸಿದ್ದರು. ನನ್ನ ಪಕ್ಕದ ಮಂಚ, ಅದೇ ಫ್ಯಾನು, ಅದೇ ಖಿಚಡಿ. ಸುಳ್ಳೇಕೆ ಹೇಳಲಿ, ಒಂದು ಗಳಿಗೆ ಖುಷಿಯಾಯಿತು.

ಆದರೆ ಅವಳ ಮಗು ಗಾಜಿನ ಪೆಟ್ಟಿಗೆಯಲ್ಲಿತ್ತು. ಸುಮಳಿಗೆ ಹಾಲೇ ಇಳಿದಿರಲಿಲ್ಲ. ನನ್ನ ರವಿಕೆಯೋ ಒದ್ದೆ. ಅವಳು ಅದನ್ನೇ ನೋಡುತ್ತಿದ್ದಳು. ಅವಳ ಬಯಕೆಯ ದಿನ ನಾನು ಅವಳ ಮಲ್ಲಿಗೆಯನ್ನು ನೋಡಿದ್ದೂ ಹಾಗೆಯೇ.

"ನಿಮಗೆ ಎಷ್ಟುಂಟು ಅಕ್ಕ! ನಂಗೆ ಒಂದು ಹನಿ ಇಲ್ಲ," ಎಂದು ಅತ್ತೇಬಿಟ್ಟಳು.

"ಅಳ್ಬೇಡ ಮಾರಾಯ್ತಿ. ಅಲ್ಲಿರುವ ಬಟ್ಟಲು ಕೊಡು."

ಡಾಕ್ಟರು ನನ್ನ ರಕ್ತದ ಪರೀಕ್ಷೆಗಳನ್ನೆಲ್ಲ ನೋಡಿ ಆಗಬಹುದು ಎಂದರು. ಸುಮಳಿಗೆ ಹಾಲು ಬರುವವರೆಗೆ ನನ್ನ ಹಾಲೇ ಹನಿಹನಿಯಾಗಿ ಆ ಮಗುವಿನ ಬಾಯಿಗೆ ಹೋಯಿತು. ಮಗು ಉಳಿಯಿತು.

ಮೊನ್ನೆ ಊರಿಗೆ ಹೋಗಿ ಹೂವಿನ ಪೂಜೆ ಮಾಡಿಸಿದೆವು. ಅತ್ತೆ ನನ್ನ ಮಡಿಲಿಗೆ ಹಸಿರು ಸೀರೆ ಹಾಕಿ, ಮೊದಲು ನನಗೇ ಮಲ್ಲಿಗೆ ಮುಡಿಸಿದರು. ಅಷ್ಟರಲ್ಲಿ ಸುಮಳ ಮಗ ಅವಳ ಸೊಂಟದಿಂದ ನನ್ನ ಕಡೆಗೆ ಹಾರಿದ. ಅವಳು ಎಷ್ಟು ಕರೆದರೂ ಹೋಗಲಿಲ್ಲ. ಸುಮಳ ಮುಖ ನೋಡಬೇಕಿತ್ತು!

ಭಕ್ತ ಬಾಂಧವರೇ, ಅಮ್ಮನ ಹತ್ತಿರ ಜಗಳವಾಡಿಯಾದರೂ ಕೇಳಿ. ನಾನು ಸಮ ಮಾಡು ಎಂದಿದ್ದೆ. ಅಮ್ಮ ಒಂದು ಮಗು ಹೆಚ್ಚೇ ಕೊಟ್ಟಳು.