ಏಳನೆಯ ಚುಚ್ಚು

ರಾಯಚೂರಿನ ಗಂಜ್ ಮಾರುಕಟ್ಟೆಯ ಹತ್ತಿರ, ಮಹಡಿಯ ಮೇಲಿನ ಒಂದು ಕೋಣೆಯಲ್ಲಿ ನಾನು ಭತ್ತದ ತೇವಾಂಶ ಅಳೆಯುವ ಮೀಟರ್ ಮಾಡುತ್ತೇನೆ. ಅದರ ಉದ್ದನೆಯ ಸರಳನ್ನು ಭತ್ತಕ್ಕೆ ಎಂಟು ಕಡೆ ಚುಚ್ಚಬೇಕು. ಎಂಟರ ಸರಾಸರಿ ಪರದೆಯ ಮೇಲೆ ಬರುತ್ತದೆ. ಒಳಗಿನ ಚಿಪ್ ಅಗ್ಗದ್ದು, ಮೆಮೊರಿ ಬಹಳ ಚಿಕ್ಕದು. ಹಾಗಾಗಿ ಪ್ರೋಗ್ರಾಮನ್ನು ಅಸೆಂಬ್ಲಿ ಭಾಷೆಯಲ್ಲಿ, ಚಿಪ್ಪಿಗೆ ಒಂದೊಂದೇ ಆಜ್ಞೆ ಕೊಡುತ್ತಾ ನಾನೇ ಬರೆದೆ. ಮೆಮೊರಿಯಲ್ಲಿ ಅಂಕಿಗಳನ್ನು ಸರಿಸುವ ಭಾಗವನ್ನು ನಾಲ್ಕು ಸಲ ತಿದ್ದಿ ಮೂರು ಆಜ್ಞೆ ಉಳಿಸಿದ್ದೆ. ಅದರ ಬಗ್ಗೆ ನನಗೆ ಹೆಮ್ಮೆಯಿತ್ತು.

ಮೊದಲ ಮೀಟರ್ ಮಾನ್ವಿಯ ಒಂದು ರೈಸ್‌ಮಿಲ್ಲಿಗೆ ಹೋಯಿತು, ಎರಡನೆಯದು ದೇವದುರ್ಗಕ್ಕೆ. ಮಾನ್ವಿಯ ಮಿಲ್ಲಿನಲ್ಲಿ ಅಲ್ಲಿಯವರೆಗೆ ಭತ್ತ ನೋಡುತ್ತಿದ್ದವರು ವಯಸ್ಸಾದವರು. ಮಾಲೀಕರೂ ಹಮಾಲರೂ ಅವರನ್ನು ಚಾಚಾ ಎನ್ನುತ್ತಿದ್ದರು. ಗೇಟಿನಲ್ಲಿ ಅವರದೊಂದು ಕುರ್ಚಿ. ಟ್ರ್ಯಾಲಿಯ ಮೂಲೆಯಿಂದ, ನಡುವಿನಿಂದ, ತಳದಿಂದ ಕಾಳು ತೆಗೆದು ಹಲ್ಲಿನಲ್ಲಿ ಕಡಿಯುತ್ತಿದ್ದರು. ಕಟ್ ಎಂದು ಮುರಿದರೆ ಒಣಗಿದೆ, ಮೆತ್ತಗೆ ಚಪ್ಪಟೆಯಾದರೆ ಹಸಿ.

ಮೀಟರ್ ತೋರಿಸಲು ಹೋದ ದಿನ ಗಬ್ಬೂರಿನ ರೈತನೊಬ್ಬ ಟ್ರ್ಯಾಲಿ ತಂದಿದ್ದ. ಚಾಚಾ ನಾಲ್ಕು ಕಡೆ ಕಾಳು ಕಡಿದು, "ಒಣಗ್ಯಾದ, ಹಗ್ಗ ಬಿಚ್ಚಪಾ" ಅಂದರು. ಆತ ಬಿಚ್ಚತೊಡಗಿದ. ನಾನು ಎಂಟು ಕಡೆ ಚುಚ್ಚಿದೆ. ಪರದೆ ಹಸಿ ಎಂದಿತು.

"ಏನಿದು, ಚಾಚಾ?" ಎಂದರು ಮಾಲೀಕರು.

"ಒಂದು ಮೂಲಿಗೆ ಮಂಜು ಬಿದ್ದದರಿ ಧಣಿ, ಅಷ್ಟ. ನಡುವ ಹಪ್ಪಳ ಇದ್ದಂಗ ಅದ. ಮಷಿನ್ ಗಲತ್ ಹೇಳಾಕತ್ತದ."

"ಚಾಚಾ, ಇದಕ್ಕ ಹಲ್ಲುನೋವು ಬರಂಗಿಲ್ರಿ" ಎಂದೆ ನಾನು. ಹಮಾಲರು ನಕ್ಕರು. ಮಾಲೀಕರೂ ನಕ್ಕು, ಟ್ರ್ಯಾಲಿ ತಿರುಗಿ ಒಯ್ಯಲು ರೈತನಿಗೆ ಹೇಳಿದರು.

ರೈತ ನಗಲಿಲ್ಲ. "ಒಣಗ್ಯಾದ ಅಂತ ಹಗ್ಗ ಬಿಚ್ಚಿಸಿದ್ರಿ. ಈಗ ತಿರುಗಿ ಒಯ್ಯಿ ಅಂತೀರಿ. ಹಿರೇರು ಹಿಂಗ ಆಟ ಆಡಸ್ತಾರೇನ್ರೀ?" ಎಂದು ಚಾಚಾರನ್ನೇ ಕೇಳಿ, ಹಗ್ಗ ಬಿಗಿದುಕೊಂಡು ಹೋದ. ಆ ವಾರವೇ ಚಾಚಾರನ್ನು ಚೀಲ ಹೊಲಿಯುವ ಕಡೆ ಕೂರಿಸಿದರು.

ತಿಂಗಳ ನಂತರ ದೇವದುರ್ಗದ ಮಿಲ್ಲಿನಿಂದ ಫೋನ್ ಬಂತು: ಒಂದೇ ಟ್ರ್ಯಾಲಿಗೆ ಎರಡು ಸಲ ಹಿಡಿದರೆ ಎರಡು ಥರ ತೋರಿಸುತ್ತದೆ. ನಾನು ಕೋಣೆಯಲ್ಲಿ ಮೀಟರನ್ನು ಪರೀಕ್ಷಿಸಿದ್ದು ಒಂದೇ ಒಣ ಚೀಲದಲ್ಲಿ. ಎಂಟು ಅಂಕಿಯೂ ಒಂದೇ ಇದ್ದವು. ಈ ಸಲ ಒಂದು ಡಬ್ಬಿಯಲ್ಲಿ ನೆನೆಸಿದ ಭತ್ತ ಇಟ್ಟುಕೊಂಡು, ಒಂದೊಂದು ಸಲ ಒಂದೊಂದು ಚುಚ್ಚನ್ನು ಮಾತ್ರ ಅದಕ್ಕೆ ಹಾಕುತ್ತಾ ಹೋದೆ. ಏಳನೆಯದನ್ನು ಹಾಕಿದಾಗ ಸರಾಸರಿ ಪೂರ್ತಿ ಹಸಿ ಎಂದಿತು.

ಮೆಮೊರಿಯಲ್ಲಿ ಸಾಲಾಗಿ ಎಂಟು ಮನೆಗಳಿವೆ ಎನ್ನಿ. ಹೊಸ ಅಂಕಿ ಮೊದಲ ಮನೆಗೆ ಬರಬೇಕು, ಹಳೆಯವು ಒಂದೊಂದು ಮನೆ ಮುಂದೆ ಸರಿಯಬೇಕು. ಸರಿಸುವುದನ್ನು ಕೊನೆಯಿಂದ ಶುರುಮಾಡಬೇಕು. ನಾನು ಮೊದಲಿನಿಂದ ಶುರುಮಾಡಿದ್ದೆ. ಮೊದಲ ಮನೆಯ ಅಂಕಿ ಎರಡನೆಯದನ್ನು ಅಳಿಸಿ ಅಲ್ಲಿ ಕೂತಿತು, ಅದೇ ಅಂಕಿ ಮೂರನೆಯದಕ್ಕೆ, ನಾಲ್ಕನೆಯದಕ್ಕೆ ಹೋಯಿತು. ಎಂಟು ಸಲ ಚುಚ್ಚಿದ ಮೇಲೆ ಏಳು ಮನೆಗಳಲ್ಲಿ ಏಳನೆಯ ಚುಚ್ಚೊಂದೇ ಉಳಿಯುತ್ತಿತ್ತು. ಗಬ್ಬೂರಿನ ಟ್ರ್ಯಾಲಿಯಲ್ಲಿ ಏಳನೆಯದನ್ನು ನಾನು ಆ ಮಂಜಿನ ಮೂಲೆಗೇ ಚುಚ್ಚಿದ್ದಿರಬೇಕು. ಕೊನೆಯಿಂದ ಬರಲು ಬೇಕಾಗಿದ್ದು ಇನ್ನೂ ಮೂರು ಆಜ್ಞೆ. ನಾನು ಉಳಿಸಿದ್ದು ಅವೇ.

ತಿದ್ದಿದ ಪ್ರೋಗ್ರಾಮಿನ ಹೊಸ ಚಿಪ್ ಹಿಡಿದು ಮೊದಲು ಮಾನ್ವಿಗೆ ಹೋದೆ. "ಸ್ವಲ್ಪ ಸುಧಾರಣೆ ಮಾಡೀನ್ರಿ" ಎಂದು ಮಾಲೀಕರಿಗೆ ಹೇಳಿದೆ. ಬಂದು ನಿಂತಿದ್ದ ಟ್ರ್ಯಾಲಿಗೆ ಹಿಡಿದು ತೋರಿಸುವಾಗ ಚಾಚಾ ದಬ್ಬಣ ಕೈಯಲ್ಲಿಟ್ಟುಕೊಂಡೇ ಬಂದು ಕಾಳು ಕಡಿದರು, ಪರದೆ ನೋಡಿದರು.

"ಈಗ ನನ್ನ ಹಲ್ಲಿಗೂ ಇದಕ್ಕೂ ಕೂಡ್ತು ನೋಡ್ರಿ ಸಾಬ್. ಮೊದಲ ಏನಾಗಿತ್ತರಿ?"

"ಬ್ಯಾಟರಿ ವೀಕ್ ಇತ್ರಿ ಚಾಚಾ."

ಬಸ್‌ಸ್ಟ್ಯಾಂಡಿಗೆ ಬಂದು ಚಹಾ ಕುಡಿದೆ. ರಾಯಚೂರು ಬಸ್ ಬಂತು, ಹತ್ತಲಿಲ್ಲ. ತಿರುಗಿ ಮಿಲ್ಲಿಗೆ ಹೋಗಿ ಇಬ್ಬರ ಮುಂದೆಯೂ ಹೇಳಿದೆ: ಬ್ಯಾಟರಿ ಅಲ್ಲ, ನಾನು ಬರೆದದ್ದೇ ತಪ್ಪಿತ್ತು, ಅವತ್ತು ಚಾಚಾ ಹೇಳಿದ್ದೇ ಖರೆ.

"ಈಗ ಸರಿ ಅದಲ್ರಿ, ಬಿಡ್ರಿ" ಎಂದು ಮಾಲೀಕರು ಫೋನ್ ಎತ್ತಿಕೊಂಡರು. ಗೇಟಿನ ಕುರ್ಚಿಯ ಮಾತು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಚಾಚಾ ಚೀಲ ಹೊಲಿಯುವುದನ್ನು ನಿಲ್ಲಿಸಲಿಲ್ಲ. "ನನಗ ಯಾಕ ಹೇಳತೀರಿ ಸಾಬ್? ನನಗ ಅವತ್ತೇ ಗೊತ್ತಿತ್ತು. ಆ ಗಬ್ಬೂರಿನವಗ ಹೇಳ್ರಿ. ನಾನು ಸುಳ್ಳ ಹೇಳೀನಿ ಅಂತ ತಿಳಕೊಂಡು ಹೋಗ್ಯಾನವ."

ಮಿಲ್ಲಿನ ಗುಮಾಸ್ತರ ಹತ್ತಿರ ಆತನ ಹೆಸರು, ಓಣಿ ಕೇಳಿ ಚೀಟಿಯಲ್ಲಿ ಬರೆದುಕೊಂಡೆ. ಎರಡು ದಿನ ಬಿಟ್ಟು ದೇವದುರ್ಗಕ್ಕೆ ಹೋದಾಗ ಮೀಟರ್ ಬಿಚ್ಚುವ ಮೊದಲೇ ತಪ್ಪು ನನ್ನದು ಎಂದೆ. ಅಲ್ಲಿ ಯಾರ ಮಾತಿನ ಬೆಲೆಯೂ ಹೋಗಿರಲಿಲ್ಲ, ಹೇಳುವುದು ಕಷ್ಟವಾಗಲಿಲ್ಲ. ತಿರುಗಿ ಬರುವಾಗ ಬಸ್ ಗಬ್ಬೂರಿನಲ್ಲಿ ನಿಂತಿತು. "ಗಬ್ಬೂರ ಯಾರ್ರೀ ಇಳಿಯೋರು?" ಎಂದು ಕಂಡಕ್ಟರ್ ಎರಡು ಸಲ ಕೂಗಿದ. ಚೀಟಿ ಅಂಗಿಯ ಜೇಬಿನಲ್ಲಿತ್ತು. ದೇವದುರ್ಗದಲ್ಲಿ ಹತ್ತುವಾಗಲೇ ನಾನು ರಾಯಚೂರಿನವರೆಗೆ ಟಿಕೆಟ್ ತೆಗೆಸಿಕೊಂಡಿದ್ದೆ.